ಕೇಳಾಕಿ ಒಬ್ಬಾಕಿ, ಹೇಳಾಕಿ ಒಬ್ಬಾಕಿ

ಆಗ ನಮ್ಮ ಕೇಶ್ವಾಪುರದ ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾಗಿದೆ ಅನ್ನುವುದು ಲಗ್ನಪತ್ರಿಕೆ ಬರುವ ಮೊದಲೇ ತಿಳಿಯುತ್ತಿತ್ತು. ಅಟ್ಟದ ಮೇಲಿನ ಬೀಸುಕಲ್ಲು ಕೆಳಗಿಳಿಯಿತು ಅಂದರೆ ಆ ಮನೆಯಲ್ಲಿ ಮದುವೆ ಅಂತಲೇ ಲೆಕ್ಕ. ದಿನನಿತ್ಯದ ಹಿಟ್ಟಿಗೆ ಗಿರಣಿ ಇತ್ತು. ಆದರೆ ಮದುಮಗಳ ಅರಿಷಿಣ ಮಾತ್ರ ಮನೆಯ ಕಲ್ಲಿನಲ್ಲೇ ಬೀಸಬೇಕು, ಬೀಸುವಾಗ ಪದ ಹಾಡಬೇಕು.

ನಮ್ಮ ಶಾಂತತ್ತೆಯ ಮದುವೆ ಗೊತ್ತಾದ ಬೇಸಿಗೆ ನಾನು ನಾಲ್ಕನೇ ಇಯತ್ತೆ ಮುಗಿಸಿದ್ದೆ. ಸಾಲಿಗೆ ರಜೆ. ಬೆಳಿಗ್ಗೆ ಎದ್ದರೆ ಅಂಗಳದ ತುಂಬ ಕುಂಟಲಿಪಿ ಆಟದ ಗೆರೆ, ಅದು ಅಳಿಸುವ ಹೊತ್ತಿಗೆ ಹಪ್ಪಳ ಲಟ್ಟಿಸುವ ಹೆಂಗಸರು. ಉದ್ದಿನ ಹಪ್ಪಳದ ಹಸಿ ಹಿಟ್ಟಿಗೆ ಎಣ್ಣೆ ಹಚ್ಚಿ ಬಾಯಿಗೆ ಹಾಕಿಕೊಂಡರೆ ಇಂಗು, ಮೆಣಸು ಎರಡೂ ಸೇರಿ ಮೂಗಿಗೆ ಏರುತ್ತಿತ್ತು. ಕದ್ದು ತಿಂದವರನ್ನು ಹಿಡಿಯಬೇಕಾಗಿಯೇ ಇರಲಿಲ್ಲ, ಬಾಯಿ ತೆರೆದರೆ ಸಾಕಾಗುತ್ತಿತ್ತು. ಕೋಲಿನ ಮೇಲೆ ಒಣಹಾಕಿದ ಶ್ಯಾವಿಗೆಯ ಕೆಳಗೆ ನಾವು ಹುಡುಗಿಯರು ಗಜಗ ಆಡುತ್ತಿದ್ದೆವು.

ಇಷ್ಟೆಲ್ಲ ಸಡಗರದಲ್ಲಿ ನಮ್ಮ ಅಜ್ಜಿ ಒಬ್ಬಳೇ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಅಜ್ಜಿಯ ಹೆಸರು ಗಂಗವ್ವ. ಅರಿಷಿಣ ಬೀಸುವ ಪದಕ್ಕೆ ಇಡೀ ಓಣಿಯಲ್ಲಿ ಅವಳೇ ಹೆಸರುವಾಸಿ. ಆ ಪದ ನವಲಗುಂದದ ಕಡೆಯ ಅವಳ ತವರಿನದು. ಅದು ಸವಾಲು ಜವಾಬಿನ ಪದ. ಕಲ್ಲಿನ ಈಚೆ ಕೂತಾಕಿ ಅರಿಷಿಣದ ಕೊಂಬಿಗೆ ಪ್ರಶ್ನೆ ಕೇಳಬೇಕು, ಆಚೆ ಕೂತಾಕಿ ಕೊಂಬಿನ ಪರವಾಗಿ ಉತ್ತರ ಹೇಳಬೇಕು. ಅಜ್ಜಿ ಮದುವೆಯಾಗಿ ಹುಬ್ಬಳ್ಳಿಗೆ, ನಮ್ಮ ಓಣಿಯ ಚಾಳಿಗೆ ಬಂದಾಗ ಪಕ್ಕದ ಖೋಲಿಯಲ್ಲಿ ಅವಳಷ್ಟೇ ವಯಸ್ಸಿನ ಖಾತೂನಮ್ಮ ಇದ್ದಳು. ಇಬ್ಬರಿಗೂ ಸೇರಿ ಒಂದೇ ಬೀಸುಕಲ್ಲು. ಅಜ್ಜಿ ಪ್ರಶ್ನೆ ಕೇಳಿದಳು, ಖಾತೂನಮ್ಮ ಉತ್ತರ ಹಿಡಿದಳು. ಆಮೇಲೆ ಯಾವ ಮನೆಯ ಮದುವೆಯಾದರೂ ಹಾಗೆಯೇ. ಖಾತೂನಮ್ಮ ಕೆಲವು ಉತ್ತರಗಳನ್ನು ತಾನೇ ಕಟ್ಟಿ ಸೇರಿಸಿದಳಂತೆ. ವರ್ಷಗಳು ಕಳೆದಂತೆ ಅಜ್ಜಿಗೆ ತವರಿನಿಂದ ತಂದ ಉತ್ತರಗಳೇ ಮರೆತುಹೋದವು. ನೆನಪಿಟ್ಟುಕೊಳ್ಳುವ ಗರಜು ಯಾಕೆ, ಎದುರಿಗೆ ಖಾತೂನಮ್ಮ ಕೂತಿರುವಾಗ?

ಆದರೆ ಆ ಬೇಸಿಗೆಗೆ ಅವರಿಬ್ಬರ ಮಾತು ನಿಂತು ಒಂದು ವರ್ಷವಾಗಿತ್ತು. ಖಾತೂನಮ್ಮನ ಮಗ ಗ್ಯಾರೇಜು ಹಾಕಿದ ಮೇಲೆ ಅವರು ಹಳೇ ಹುಬ್ಬಳ್ಳಿಗೆ ಮನೆ ಬದಲಿಸಿದ್ದರು. ಅಲ್ಲಿಂದಲೇ ಖಾತೂನಮ್ಮನ ಮಗಳು ರೆಹಾನಕ್ಕನ ಮದುವೆ ಆಯಿತು. ಆ ಮದುವೆಯ ಅರಿಷಿಣಕ್ಕೆ ಅಜ್ಜಿ ಹೋಗಲಿಲ್ಲ. ಹಂದರದಲ್ಲಿ ಕಲ್ಲು ಇಟ್ಟುಕೊಂಡು ಕಾದ ಖಾತೂನಮ್ಮ, ಕೊನೆಗೆ ಪದವಿಲ್ಲದೆ ಮಗಳಿಗೆ ಅರಿಷಿಣ ಹಚ್ಚಿಸಿದಳಂತೆ. ಅವತ್ತಿನಿಂದ ಅವಳು ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಅಪ್ಪ, ಅವ್ವ ಎಷ್ಟು ಕೇಳಿದರೂ ಅಜ್ಜಿ ಯಾಕೆ ಹೋಗಲಿಲ್ಲ ಅನ್ನುವುದನ್ನು ಹೇಳಲಿಲ್ಲ. "ಆಗಲಿಲ್ಲ, ಬಿಡು" ಅಂತ ಮಾತ್ರ ಅನ್ನುತ್ತಿದ್ದಳು.

ಮದುವೆಗೆ ಒಂದು ವಾರ ಇರುವಾಗ ನಮ್ಮ ದೊಡ್ಡಜ್ಜಿ ಬಂದು ಇಳಿದರು. ಅವರು ತೀರಿಹೋದ ನಮ್ಮ ಅಜ್ಜನ ಅತ್ತಿಗೆ, ಮನೆತನದ ಹಿರಿಯರು. ಶಾಸ್ತ್ರವೆಲ್ಲ ಅವರು ಹೇಳಿದಂತೆ. ಊಟಕ್ಕೆ ಕೂತಾಗ ಅಪ್ಪ, "ಅರಿಷಿಣದ ಪದ ಯಾರು ಹಾಡಬೇಕ್ರಿ ದೊಡ್ಡವ್ವಾ?" ಅಂತ ಕೇಳಿದ.

"ಟೇಪ್ ರೆಕಾರ್ಡರ್ ಅದ ಅಲ್ಲೇನೋ? ಸೋಬಾನದ ಕ್ಯಾಸೆಟ್ ತಂದು ಹಾಕು. ಈಗ ಎಲ್ಲಾರೂ ಹಂಗ ಮಾಡಾಕತ್ತಾರ" ಅಂದರು ದೊಡ್ಡಜ್ಜಿ.

ಶಾಂತತ್ತೆ ರೊಟ್ಟಿ ಬಡಿಸುತ್ತಿದ್ದವಳು ಹಾಗೆಯೇ ನಿಂತಳು. "ಯಾವಾಕಿ ಹಾಡಿದ್ದೋ ಏನೋ, ಆ ಪದಾ ಕೇಳಿ ನಾ ಅರಿಷಿಣಕ್ಕ ಕೂಡಬೇಕೇನ್ರಿ? ನಮ್ಮವ್ವಗ ಕೊಳ್ಳ ಇಲ್ಲೇನ?"

ದೊಡ್ಡಜ್ಜಿ ಸಿಟ್ಟಾಗಲಿಲ್ಲ. ಮೆತ್ತಗೆ ಅಂದರು: "ಕೊಳ್ಳ ಅದ ಮಗಳ. ಆದ್ರ ಆಕಿ ಹಣಿ ಮ್ಯಾಲೆ ಕುಂಕಮ ಇಲ್ಲಲ್ಲ. ನಿನಗಽ ಛಲೋ ಆಗಲಿ ಅಂತ ಹೇಳಾಕತ್ತೇನಿ."

ಅಡುಗೆಮನೆಯಲ್ಲಿ ಅಜ್ಜಿ ರೊಟ್ಟಿ ತಟ್ಟುವ ಸಪ್ಪಳ ನಿಂತು ಮತ್ತೆ ಶುರುವಾಯಿತು. ಅತ್ತೆ ಬುಟ್ಟಿ ಅಲ್ಲೇ ಇಟ್ಟು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅತ್ತೆ ನನ್ನ ತಲೆ ಬಾಚಿ ಎರಡು ಜಡೆ ಹಾಕಿ, "ನಡಿ, ಬಾಜಾರಕ್ಕ ಹೋಗಿ ಬರೂಣು" ಅಂದಳು. ಚೀಲದಲ್ಲಿ ಶ್ಯಾವಿಗೆ, ಮೇಲೆ ಲಗ್ನಪತ್ರಿಕೆ ಇತ್ತು. ಬಸ್ಸು ಬಾಜಾರ ದಾಟಿ ಹಳೇ ಹುಬ್ಬಳ್ಳಿಯ ಕಡೆಗೆ ತಿರುಗಿದಾಗ ನನಗೆ ಗೊತ್ತಾಯಿತು, ನಾವು ಖಾತೂನಮ್ಮನ ಮನೆಗೆ ಹೊರಟಿದ್ದೇವೆ ಅಂತ.

ಖಾತೂನಮ್ಮ ಪಡಸಾಲೆಯಲ್ಲಿ ಹಳೇ ಸೀರೆಗಳ ತುಂಡು ಹರವಿಕೊಂಡು ಕೌದಿ ಹೊಲಿಯುತ್ತಿದ್ದಳು. ತೆಳ್ಳಗಿನ ಮೈ, ತಲೆ ತುಂಬ ಸೆರಗು, ಕಿವಿಯ ಅಂಚಿನಲ್ಲಿ ಸಣ್ಣ ಬೆಳ್ಳಿ ಬಾಳಿಗಳು. ನಮ್ಮನ್ನು ನೋಡಿ ಎದ್ದು, "ಬಾರವಾ ಶಾಂತಾ" ಅಂದಳು. ನೀರು ಕೊಟ್ಟಳು, ಚಹಾ ಕೊಟ್ಟಳು. ಆದರೆ ಪತ್ರಿಕೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ನೀ ಛಂದಂಗ ಬಾಳು ಮಾಡವಾ. ನನ್ನ ದುವಾ ನಿನಗ ಯಾವಾಗಲೂ ಅದ. ಬರೂದು ಮಾತ್ರ ಆಗೂದಿಲ್ಲ."

"ಯಾಕ್ರಿ ಖಾತೂನಮ್ಮಾ?"

"ನನ್ನ ಮಗಳು ಹಳದಿ ಸೀರಿ ಉಟ್ಟು ಕುಂತಿದ್ಳು. 'ಗಂಗವ್ವ ಕಾಕೂ ಬರ್ಲಿ, ಆಮ್ಯಾಲೆ ಹಚ್ಚರಿ' ಅಂತ ಹಟಾ ಹಿಡದ್ಳು. ಬಿಸಲು ಇಳೀತು, ಬೀಗರು ಬಂದ್ರು, ನಿಮ್ಮವ್ವ ಬರ್ಲಿಲ್ಲ. ನಾವು ಚಾಳ ಬಿಟ್ಟು ಬಂದ್ವಿ ಅಂದ್ರ ಆಕಿಗೆ ನಾ ಬ್ಯಾಡಾದ್ನಿ." ಖಾತೂನಮ್ಮ ಮತ್ತೆ ಸೂಜಿ ಹಿಡಿದಳು. "ಇರ್ಲಿ. ಆಕಿಗೂ ಗೊತ್ತಾಗಲಿ, ಉತ್ತರ ಇಲ್ಲದ ಪದಾ ಹೆಂಗಿರತದ ಅಂತ."

ಅತ್ತೆಯ ಕಣ್ಣಲ್ಲಿ ನೀರು ಬಂತು. ನಾನು ಬಶಿಯ ಚಹಾದಲ್ಲಿ ಬಿಸ್ಕೀಟು ಅದ್ದುತ್ತಿದ್ದವಳು ತಲೆಯೆತ್ತಿ ಅಂದೆ:

"ಅಜ್ಜಿ ಬಂದಿದ್ಳಲ್ಲರೀ."

ಇಬ್ಬರೂ ನನ್ನ ಕಡೆಗೆ ತಿರುಗಿದರು.

"ನನ್ನೂ ಕರಕೊಂಡು ಬಂದಿದ್ಳು. ಹೊಸಾ ಸೀರಿ ಚೀಲದಾಗ ಹಾಕ್ಕೊಂಡಿದ್ಳು, ರೆಹಾನಕ್ಕಗ ಕೊಡಾಕ. ನಿಮ್ಮ ಓಣಿ ತುದಿಗೆ ಹಿಟ್ಟಿನ ಗಿರಣಿ ಅದ ಅಲ್ಲರಿ, ಅಲ್ಲಿತನಕಾ ಬಂದು ನಿಂತ್ಳು. ನಿಮ್ಮ ಮನ್ಯಾಗ ಎಲ್ಲಾರೂ ನಗೋದು ಕೇಳಸ್ತಿತ್ತು. ನಡಿ ಅಜ್ಜಿ ಅಂದ್ರ, 'ಬ್ಯಾಡ, ಆ ಕೂಸಿನ ಮ್ಯಾಲೆ ನನ್ನ ನೆರಳು ಬ್ಯಾಡ' ಅಂದ್ಳು."

ಖಾತೂನಮ್ಮನ ಸೂಜಿ ನಿಂತುಬಿಟ್ಟಿತು. "ಆಮ್ಯಾಲೆ?"

"ಆಮ್ಯಾಲೆ ಗಿರಣಿ ಗ್ವಾಡಿಗೆ ಒರಗಿ ನಿಂತು ಹಾಡಿದ್ಳು. ಎಲ್ಲಾ ಪ್ರಶ್ನೆ ಹಾಡಿದ್ಳು. ಅಷ್ಟರಾಗ ಗಿರಣಿ ಚಾಲೂ ಆಗಿತ್ತು, ಆ ಸಪ್ಪಳದಾಗ ಯಾರಿಗೂ ಕೇಳಸಲಿಲ್ಲ. ಮುಗಿಸಿ ನನಗ ಗಿರಮಿಟ್ಟು ಕೊಡಿಸಿದ್ಳು. ಮನಿಗೆ ಹೋದ್ವಿ."

ನನಗೆ ಆ ದಿನದಲ್ಲಿ ಮುಖ್ಯವಾಗಿ ನೆನಪಿದ್ದುದು ಗಿರಮಿಟ್ಟಿನ ಚುರುಮುರಿಯ ಮೇಲಿನ ಹಸಿ ಉಳ್ಳಾಗಡ್ಡಿ. ಅಜ್ಜ ತೀರಿಕೊಂಡು ಆಗಿನ್ನೂ ಕೆಲವೇ ತಿಂಗಳಾಗಿದ್ದವು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆದಿರಲೇ ಇಲ್ಲ. ಯಾರೂ ನನ್ನನ್ನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಖಾತೂನಮ್ಮ ಕೌದಿಯ ತುಂಡನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅಳುತ್ತಲೇ ಬೈದಳು. "ಹುಚ್ಚಿ, ಎಂಥಾ ಹುಚ್ಚಿ ಅದಾಳ! ನಮ್ಮ ಮನ್ಯಾಗ ಇದನ್ನೆಲ್ಲಾ ಯಾರು ನೋಡ್ತಾರ? ನಾ ಸೈತ ಗಂಡನ್ನ ಮಣ್ಣಿಗೆ ಕೊಟ್ಟಾಕಿ ಅಲ್ಲೇನ? ಒಂದು ಮಾತು ಹೇಳಿ ಕಳಿಸಿದ್ರ ಗಿರಣಿತನಕಾ ಬಂದು ಕೈ ಹಿಡದು ಎಳಕೊಂಡು ಹೋಗತಿದ್ನಿ." ಆಮೇಲೆ ಲಗ್ನಪತ್ರಿಕೆಯನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು. ಅದಕ್ಕೆ ಏನೂ ಹತ್ತಿರಲಿಲ್ಲ.

ಅರಿಷಿಣದ ದಿನ ಬೆಳಿಗ್ಗೆ ನಮ್ಮ ಅಂಗಳದ ಹಂದರದಲ್ಲಿ ಸುಣ್ಣ ಹಚ್ಚಿದ ಬೀಸುಕಲ್ಲು ಕೂತಿತ್ತು. ಹಿಂದಿನ ದಿನವೇ ಒಳ್ಳಿನಲ್ಲಿ ಕುಟ್ಟಿಟ್ಟ ಅರಿಷಿಣದ ಘಮ ಮನೆ ತುಂಬ. ಮುತ್ತೈದೆಯರು ಕಲ್ಲಿನ ಸುತ್ತ ಕೂತಿದ್ದರು. ಅಪ್ಪ ಟೇಪ್ ರೆಕಾರ್ಡರ್ ತಂದು ಸ್ಟೂಲಿನ ಮೇಲೆ ಇಟ್ಟಿದ್ದ. ಅಜ್ಜಿ ಎಂದಿನಂತೆ ಒಳಗೆ, ಒಲೆಯ ಮುಂದೆ.

ಖಾತೂನಮ್ಮ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಸೀದಾ ಹಂದರಕ್ಕೆ ಬಂದು, ಕಲ್ಲಿನ ಆಚೆ ಬದಿಗೆ, ತನ್ನ ಜಾಗದಲ್ಲಿ ಕೂತಳು. ಅಡುಗೆಮನೆಯ ಕಡೆಗೆ ಮುಖ ಮಾಡಿ ಗಟ್ಟಿಯಾಗಿ ಕೂಗಿದಳು:

"ಗಂಗಕ್ಕಾ! ಕೇಳು ಬಾ. ನಾ ಹೇಳ್ತೇನಿ."

ಒಳಗೆ ಏನೋ ಬಿದ್ದ ಸದ್ದಾಯಿತು. ಅಜ್ಜಿ ಬಾಗಿಲಿಗೆ ಬಂದು ನಿಂತಳು. ಕೈಯೆಲ್ಲ ಹಿಟ್ಟು. ಒಂದು ವರ್ಷದ ಮೇಲೆ ಇಬ್ಬರೂ ಮುಖ ನೋಡಿದ್ದು. ಹೆಂಗಸರೆಲ್ಲ ದೊಡ್ಡಜ್ಜಿಯ ಕಡೆಗೆ ನೋಡಿದರು.

"ಖಾತೂನಾ, ಶಾಸ್ತ್ರ ಅನ್ನೂದು ಒಂದು ಇರತದವ್ವಾ..." ಅಂತ ದೊಡ್ಡಜ್ಜಿ ಶುರುಮಾಡಿದರು.

"ಇರತದರಿ ದೊಡ್ಡವ್ವಾರ" ಅಂದಳು ಖಾತೂನಮ್ಮ. "ಬೀಸೋರು ಬೀಸಲಿ. ನಾವು ಕಲ್ಲು ಮುಟ್ಟೂದಿಲ್ಲ. ಹಡದಾಕಿ ಮಗಳಿಗೆ ಹಾಡಬಾರದು ಅಂತ ಯಾವ ಶಾಸ್ತ್ರದಾಗ ಅದರಿ?"

ಮಣೆಯ ಮೇಲೆ ಕೂತಿದ್ದ ಶಾಂತತ್ತೆ ಎದ್ದು ಹೋಗಿ ಅಜ್ಜಿಯ ಹಿಟ್ಟಿನ ಕೈ ಹಿಡಿದು ಕರೆತಂದು ಕಲ್ಲಿನ ಈಚೆಗೆ ಕೂರಿಸಿದಳು.

ಮುತ್ತೈದೆಯರು ಗೂಟ ಹಿಡಿದು ತಿರುವಿದರು. ಅಜ್ಜಿ ನೆಲ ನೋಡುತ್ತ ಕೇಳಿದಳು:

"ಯಾವ ಹೊಲದಾಗ ಹುಟ್ಟಿ, ಯಾರ ಗಾಡ್ಯಾಗ ಬಂದಿ,
ಅರಿಷಿಣದ ಕೊಂಬೇ, ನನಗ್ಹೇಳ."

ಖಾತೂನಮ್ಮ ಉಸಿರು ಬಿಡುವಷ್ಟೂ ಕಾಯಿಸಲಿಲ್ಲ:

"ಎರಿಹೊಲದಾಗ ಹುಟ್ಟಿ, ಅಣ್ಣನ ಗಾಡ್ಯಾಗ ಬಂದೆ,
ತಂಗಿಯ ಗಲ್ಲ ಹುಡುಕೂತ."

ಆ ದನಿಗಳು ಹೇಗೆ ಕೂಡಿದವು ಅಂತ ಹೇಳಲು ನನಗೆ ಇವತ್ತಿಗೂ ಬಾರದು. ಅಜ್ಜಿಯದು ತೆಳು, ದಾರದಂತೆ ಮೇಲಕ್ಕೆ ಹೋಗುವುದು. ಖಾತೂನಮ್ಮನದು ದಪ್ಪ, ಸ್ವಲ್ಪ ಒಡಕು. ಒಂದು ಮುಗಿಯುವ ಜಾಗದಲ್ಲಿ ಇನ್ನೊಂದು ಹತ್ತಿಕೊಳ್ಳುತ್ತಿತ್ತು.

"ಕಲ್ಲ ನಡುವೆ ಸಿಕ್ಕು ನೊಂದ್ಯೇನ ನನ ಕೊಂಬೇ,
ಅಳದಂಗ ಹೆಂಗ ಸಣ್ಣಾದಿ?"

"ಎರಡು ಕೈ ತಿರುವ್ಯಾವ, ಎರಡು ಕೊಳ್ಳ ಹಾಡ್ಯಾವ,
ನೋವಿನ ಗುರುತ ಸಿಗಲಿಲ್ಲ."

ಬೀಸುತ್ತಿದ್ದವರಿಗೆ ಪದದ ಓಟಕ್ಕೆ ಕೈ ಕೂಡಿಸಲು ಬರುತ್ತಿರಲಿಲ್ಲ. ಗಿರಣಿಯ ಕಾಲದ ಹೆಂಗಸರು. ಕಲ್ಲು ತಡೆತಡೆದು ತಿರುಗುತ್ತಿತ್ತು. ಒಬ್ಬಳು ಬೆವರು ಒರೆಸಿಕೊಳ್ಳಲು ಕೈ ಬಿಟ್ಟಳು. ಯಾವಾಗ ಅಂತ ಯಾರಿಗೂ ತಿಳಿಯಲಿಲ್ಲ, ನೋಡುವಷ್ಟರಲ್ಲಿ ಗೂಟದ ಮೇಲೆ ಇದ್ದವು ಅಜ್ಜಿಯ ಕೈ ಮತ್ತು ಖಾತೂನಮ್ಮನ ಕೈ. ಕಲ್ಲು ಒಂದೇ ಸಮನೆ ಗುಡುಗತೊಡಗಿತು. ಅಂಚಿನಿಂದ ಹಳದಿ ಪುಡಿ ಸೀರೆಗಳ ಮೇಲೆ ಸುರಿಯಿತು. ಅಪ್ಪ ಟೇಪ್ ರೆಕಾರ್ಡರನ್ನು ಎತ್ತಿ ಒಳಗೆ ಇಟ್ಟು ಬಂದ.

ನಾನು ದೊಡ್ಡಜ್ಜಿಯ ಪಕ್ಕದಲ್ಲೇ ಕೂತಿದ್ದೆ. ಅವರು ತಡೆಯುತ್ತಾರೆ ಅಂದುಕೊಂಡಿದ್ದೆ. ಅವರು ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ, ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದರು. ಅವರೂ ಒಂದು ಕಾಲಕ್ಕೆ ಯಾರದೋ ಎದುರು ಕೂತು ಬೀಸಿದವರೇ.

ಪದ ಮುಗಿದ ಮೇಲೆ ಅಜ್ಜಿ ಮೊದಲ ಹಿಡಿ ಅರಿಷಿಣ ತೆಗೆದು ಮಗಳ ಗಲ್ಲಕ್ಕೆ ಹಚ್ಚಿದಳು. ಆಮೇಲೆ ಖಾತೂನಮ್ಮನ ಕಡೆ ತಿರುಗಿ, "ರೆಹಾನಾ ಹೆಂಗದಾಳ?" ಅಂತ ಕೇಳಿದಳು.

"ಆರಾಮದಾಳ. ಬಸರಿ ಅದಾಳ. ಆಕಿ ಸೀರಿ ಎಲ್ಲೈತಿ? ಕೊಡು, ಒಂದು ವರ್ಷ ಇಟಗೊಂಡು ಕುಂತಿ" ಅಂದಳು ಖಾತೂನಮ್ಮ. ಇಬ್ಬರೂ ನಗತೊಡಗಿದರು. ನಗುತ್ತ ನಗುತ್ತ ಅಜ್ಜಿ ಅವಳ ಹೆಗಲಿಗೆ ಹಣೆ ಇಟ್ಟಳು.

ಅಲ್ಲಿಂದ ಮುಂದೆ ಎಷ್ಟೋ ಮದುವೆಗಳಿಗೆ ಅವರು ಹಾಡಿದರು. ನಾನು ಅಜ್ಜಿಯ ಬೆನ್ನಿಗೆ ಕೂತು ಪ್ರಶ್ನೆಗಳನ್ನು ಕಲಿತೆ. ಆಚೆ ಬದಿಗೆ, ಖಾತೂನಮ್ಮನ ಬೆನ್ನಿಗೆ, ಉತ್ತರ ಕಲಿಯಲು ಯಾರೂ ಕೂರಲಿಲ್ಲ. ರೆಹಾನಕ್ಕ ಗಂಡನ ಮನೆಯಲ್ಲಿದ್ದಳು, ಮತ್ತು ಖಾತೂನಮ್ಮ ಯಾವಾಗಲೂ ಇರುತ್ತಾಳೆ ಅಂತ ನಾವು ತಿಳಿದಿದ್ದೆವು. ಅವಳು ಹೋದ ಮೇಲೆ ಅಜ್ಜಿ ಪದ ಹಾಡುವಾಗ ಪ್ರತಿ ಪ್ರಶ್ನೆಯ ನಂತರ ಉತ್ತರದಷ್ಟು ಹೊತ್ತು ಸುಮ್ಮನೆ ಕೂತು, ಆಮೇಲೆ ಮುಂದಿನದನ್ನು ಎತ್ತಿಕೊಳ್ಳುತ್ತಿದ್ದಳು. ಕೊನೆಗೆ ಅಜ್ಜಿಯೂ ಹೋದಳು.

ಈಗ ನಾನು ಹುಬ್ಬಳ್ಳಿಯಲ್ಲೇ, ದೇಶಪಾಂಡೆ ನಗರದಲ್ಲಿದ್ದೇನೆ. ನಮ್ಮ ಕಡೆಯ ಮದುವೆಗಳಲ್ಲೂ ಈಗ ಎಲ್ಲರೂ ಹಳದಿ ಬಟ್ಟೆ ತೊಡುತ್ತಾರೆ, ದೊಡ್ಡ ಸ್ಪೀಕರು ಇಡುತ್ತಾರೆ, ಹುಡುಗಿಯರು ಚೆನ್ನಾಗಿಯೇ ಕುಣಿಯುತ್ತಾರೆ. ಅರಿಷಿಣ ಪಾಕೀಟಿನಲ್ಲಿ ಬರುತ್ತದೆ. ಯಾರಾದರೂ ಒತ್ತಾಯ ಮಾಡಿದರೆ ನಾನು ಹಾಡುತ್ತೇನೆ, ಅವರು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಾರೆ. ಉತ್ತರಗಳಿಗಾಗಿ ನಾನೂ ರೆಹಾನಕ್ಕನೂ ಫೋನಿನಲ್ಲಿ ಕೂತು ಹುಡುಕಿದ್ದೇವೆ. ಅವಳಿಗೆ ಒಂದು ಸಾಲು ಹೊಳೆದರೆ ಆ ದಿನವೆಲ್ಲ ಇಬ್ಬರಿಗೂ ಹಬ್ಬ. ಹೀಗೆ ಮುಕ್ಕಾಲು ಪದ ಕೂಡಿಸಿದ್ದೇವೆ. ಕೊನೆಯ ಪ್ರಶ್ನೆಯೊಂದು ಮಾತ್ರ ಕೂಡುತ್ತಿಲ್ಲ:

"ಮೈ ತೊಳೆದ ಅರಿಷಿಣ ನೀರಾಗಿ ಹರಿದ್ಯವ್ವ,
ಯಾವೂರ ದಾರಿ ಹಿಡದೀಯೇ?"

"ಅಮ್ಮಾ ಏನೋ ಛಲೋ ಹೇಳತಿದ್ಳು ಇದಕ್ಕ" ಅನ್ನುತ್ತಾಳೆ ರೆಹಾನಕ್ಕ. "ಹೊಳಿ ಅಂತ ಬರ್ತಿತ್ತು ನೋಡು. ಹೊಳಿ ಅನ್ನೂದಷ್ಟು ಖರೇ ನೆನಪದ."

ಉಳಿದ ಮಾತುಗಳು ಇಬ್ಬರಿಗೂ ಬರುವುದಿಲ್ಲ. ಕೇಳೋಣವೆಂದರೆ ಹೇಳುವವರು ಯಾರೂ ಉಳಿದಿಲ್ಲ.