ನೀಲಿ ಚುಕ್ಕೆ ತೋರಿಸಿದ ಬೋರ್‌ವೆಲ್

ನಮ್ಮ ಯಜಮಾನರಿಗೆ ದೇವರ ಮೇಲೆ ಅಷ್ಟಕ್ಕಷ್ಟೇ. ಭಕ್ತಿ ಏನಿದ್ದರೂ ಫೋನಿನ ಮೇಲೆ. ಉಪ್ಪಾರಹಳ್ಳಿಯಲ್ಲೇ ಹುಟ್ಟಿ ಬೆಳೆದ ಮನುಷ್ಯ, ಹಾಲಿನ ಬೂತಿಗೆ ಹೋಗೋಕೂ ಮ್ಯಾಪ್ ಹಾಕ್ಕೊಳ್ತಾರೆ. ಅದು "ಎಡಕ್ಕೆ ತಿರುಗಿ" ಅಂದರೆ ತಿರುಗ್ತಾರೆ. ಮದುವೆಯಾದಾಗಿನಿಂದ ನಾನು ಹೇಳಿದ್ದಕ್ಕೆ ಒಂದು ಸಲವೂ ಕತ್ತು ತಿರುಗಿಸಿದವರಲ್ಲ.

ನನಗಿದ್ದದ್ದು ಒಂದೇ ಆಸೆ. ಸ್ವಂತ ಮನೆ, ಅದರಲ್ಲಿ ಸ್ವಂತ ನೀರು. ಬಾಡಿಗೆ ಮನೆ ಓನರಮ್ಮ ವಾಲ್ವ್ ತಿರುಗಿಸಿದಾಗ ಕೈಗೆ ಸಿಕ್ಕ ಪಾತ್ರೆಯೆಲ್ಲ ತುಂಬಿಸ್ಕೊಂಡು, ಸೋಪು ಹಚ್ಚಿದ ಮೈಯಲ್ಲಿ ಬಚ್ಚಲಿಂದ "ಅಮ್ಮಾ, ಇನ್ನೊಂದು ಸ್ವಲ್ಪ ಬಿಡಿ" ಅಂತ ಕೂಗಿ ಕೂಗಿ ನನಗೆ ಸಾಕಾಗಿತ್ತು. ನಲ್ಲಿ ತಿರುಗಿಸಿದರೆ ನೀರು ಬರಬೇಕು, ಯಾರನ್ನೂ ಕೇಳಬಾರದು. ಅಷ್ಟೇ.

ಗುಬ್ಬಿ ಕಡೆ ಒಂದು ಲೇಔಟ್ ಇದೆ ಅಂತ ನಿಟ್ಟೂರಿನ ಏಜೆಂಟ್ ಒಬ್ಬ ಗಂಟುಬಿದ್ದ. "ಲೊಕೇಶನ್ ಕಳಿಸಿದೀನಿ ಅಕ್ಕ, ಹೈವೇಯಿಂದ ಐದೇ ನಿಮಿಷ." ಆ ಪುಣ್ಯಾತ್ಮ ಗುರುತು ಹಾಕಿದ್ದು ಹೈವೇ ಹತ್ತಿರದ ಟೀ ಅಂಗಡಿ ಮೇಲೆ. ಟೀ ಅಂಗಡಿಗೆ ಐದು ನಿಮಿಷ, ನಿಜ. ಅಲ್ಲಿಂದ ರಾಗಿ ಹೊಲ, ತೆಂಗಿನ ತೋಟ ಎಲ್ಲ ದಾಟಿ ಲೇಔಟ್ ಮುಟ್ಟೋಷ್ಟರಲ್ಲಿ ಸೊಂಟ ಕಳಚಿಬಂದಿತ್ತು. ಆದರೂ ಆಸೆ ಕೇಳುತ್ತಾ? ಮೂವತ್ತು-ನಲವತ್ತರ ಸೈಟು, ಪೂರ್ವಕ್ಕೆ ಮುಖ. ತಗೊಂಡೆವು.

ಮನೆ ಕಟ್ಟೋದಕ್ಕೆ ಮೊದಲು ಬೋರ್ ಆಗಬೇಕಲ್ಲ. ನೀರು ನೋಡೋರನ್ನ ಕರೆಸಿದೆವು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಸೈಟೆಲ್ಲ ಸುತ್ತಿದರು. ಒಂದು ಕಡೆ ಕಾಯಿ ಎದ್ದು ನಿಂತಿತು. "ಇದೇ ಪಾಯಿಂಟು" ಅಂದರು. ನಾನು ಒಂದು ಕಲ್ಲು ತಂದು ಅಲ್ಲಿಟ್ಟೆ. ನಮ್ಮವರು ನಕ್ಕರು. "ಯಾವ ಕಾಲದಲ್ಲಿದೀಯೇ? ಕಲ್ಲು ಯಾಕೆ? ಸ್ಯಾಟಲೈಟಲ್ಲಿ ಸೇವ್ ಮಾಡಿದೀನಿ."

ಆಮೇಲೆ ಲೇಔಟಿನವರು ಗಿಡಗಂಟಿ ಕೀಳಿಸೋಕೆ ಜೆಸಿಬಿ ಬಿಟ್ಟರು. ಅದು ಗಿಡದ ಜೊತೆ ನನ್ನ ಕಲ್ಲನ್ನೂ ಸೈಟುಗಳ ಗಡಿ ಕಲ್ಲುಗಳನ್ನೂ ಗುಡಿಸಿ ಹಾಕಿತ್ತು. ಬೋರ್‌ವೆಲ್ ಲಾರಿ ಬಂದು ನಿಂತಾಗ ಎತ್ತ ನೋಡಿದರೂ ಒಂದೇ ಥರದ ಕೆಂಪು ಮಣ್ಣು. "ರೀ, ಅಳತೆಯವರನ್ನ ಕರೆಸಿ" ಅಂದೆ. "ಸುಮ್ನಿರೇ, ಆಕಾಶದಲ್ಲಿರೋ ಉಪಗ್ರಹಕ್ಕಿಂತ ನಿಂಗೆ ಗೊತ್ತಾ?" ಅಂತ ಫೋನ್ ಮುಂದೆ ಹಿಡ್ಕೊಂಡು ಹೊರಟರು. ನೀಲಿ ಚುಕ್ಕೆ ಗುರುತಿನ ಮೇಲೆ ಬಂತು. ನಿಂತರು. ಕಾಲು ಕುಟ್ಟಿ, "ಇಲ್ಲೇ ಹೊಡೀರಿ" ಅಂದರು.

ನೀರು ಬಂತು! ಮೂರಿಂಚು ನೀರು, ಮರದೆತ್ತರಕ್ಕೆ ಚಿಮ್ಮಿತು. ನಾನು ನೆಂದು ತೊಪ್ಪೆಯಾಗಿ ಅತ್ತುಬಿಟ್ಟೆ.

ಮುಂದಿನ ಭಾನುವಾರ ಪಕ್ಕದ ಸೈಟಿನವರು ಬಂದರು. ಕುಣಿಗಲ್ ಕಡೆಯವರು, ಗಂಡ ಹೆಂಡತಿ ಇಬ್ಬರಿಗೂ ಇಲ್ಲೇ ಹತ್ತಿರದ ಸತ್ಯಮಂಗಲದಲ್ಲಿ ಕೆಲಸ. ಜೊತೆಯಲ್ಲಿ ಅಳತೆಯವರು. ಜೆಸಿಬಿಗೆ ಸಿಗದೆ ಲೇಔಟಿನ ಮೂಲೆಯಲ್ಲಿ ಉಳಿದಿದ್ದ ಒಂದು ಕಲ್ಲಿಂದ ಅಳತೆ ಹಿಡಿದರು, ದಾರ ಕಟ್ಟಿದರು. ನಮ್ಮ ಬೋರು ದಾರದ ಆಚೆ ಕಡೆ ನಿಂತಿತ್ತು. ಅವರ ಸೈಟಿನಲ್ಲಿ. ಅದೂ ಈಶಾನ್ಯ ಮೂಲೆಯಲ್ಲಿ! ವಾಸ್ತುವಿಗೂ ಒಂದು ಕೊರತೆ ಇಲ್ಲ.

ಆಮೇಲೆ ನಾನೇ ಕೂತು ಓದಿದೆ. ಉಪಗ್ರಹ ನಮ್ಮನ್ನ ನೋಡೋದೇ ಇಲ್ಲವಂತೆ. "ನಾನಿಲ್ಲಿದೀನಿ, ಈಗ ಇಷ್ಟು ಹೊತ್ತು" ಅಂತ ಸಾರಿಕೊಂಡು ಸುತ್ತುತ್ತಿರುತ್ತಂತೆ. ಆ ಕೂಗು ಬಂದು ಮುಟ್ಟೋಕೆ ಎಷ್ಟು ಸಮಯ ಹಿಡೀತು ಅನ್ನೋದರಿಂದ ದೂರದ ಲೆಕ್ಕ ಹಾಕೋದು ಕೈಯಲ್ಲಿರೋ ಫೋನು. ಕಮ್ಮಿ ಅಂದರೂ ನಾಲ್ಕು ಉಪಗ್ರಹಗಳ ಕೂಗು ಸೇರಿಸಿ, ನಾವೆಲ್ಲಿದೀವಿ ಅಂತ ಅಂದಾಜು ಕಟ್ಟುತ್ತೆ. ಬಯಲಲ್ಲೂ ನಾಲ್ಕೈದು ಮೀಟರ್ ಆಚೀಚೆ ಆಗೋದು ಮಾಮೂಲಿ. ಚುಕ್ಕೆ ಸುತ್ತ ತೆಳ್ಳಗೆ ನೀಲಿ ವೃತ್ತ ಇರುತ್ತಲ್ಲ, ಅದರರ್ಥ "ಇದರೊಳಗೆ ಎಲ್ಲೋ ಇದೀಯಪ್ಪ, ಎಲ್ಲಿ ಅಂತ ನಂಗೂ ಗೊತ್ತಿಲ್ಲ." ಫೋನು ಪಾಪ ಸತ್ಯವನ್ನೇ ಹೇಳಿತ್ತು. ನಮ್ಮವರು ಅದನ್ನ ಅಲಂಕಾರ ಅಂದ್ಕೊಂಡಿದ್ದರು. ಕುಣಿಗಲ್ಲಿಗೆ ಹೋಗೋನಿಗೆ ನಾಲ್ಕು ಮೀಟರ್ ತಪ್ಪಿದರೆ ಊರೇನೂ ತಪ್ಪಲ್ಲ. ಒಂಬತ್ತು ಮೀಟರ್ ಅಗಲದ ಸೈಟಿನಲ್ಲಿ ನಾಲ್ಕು ಮೀಟರ್ ಅಂದರೆ ಪಕ್ಕದವರ ಅಡುಗೆಮನೆ.

ನಮ್ಮ ಸೈಟಲ್ಲಿ, ದಾರ ಹಿಡಿದು ಅಳೆದೇ, ಇನ್ನೊಂದು ಬೋರ್ ಹೊಡೆಸಿದೆವು. ಬಂದದ್ದು ಬರೀ ಬಿಳಿ ಧೂಳು. ನಮ್ಮವರು ಕೆಮ್ಮುತ್ತಾ, "ಸಿಗ್ನಲ್ ವೀಕಿತ್ತು ಅವತ್ತು" ಅಂದರು. ನನ್ನ ಬಾಯಿಂದ ಏನು ಬಂತು ಅಂತ ಇಲ್ಲಿ ಬರೆಯೋಕಾಗಲ್ಲ.

ಪಕ್ಕದವರು ಗಂಗೆ ಪೂಜೆಗೆ ಕರೆದರು. ಹೋಗದೆ ಇರೋಕಾಗುತ್ತಾ? ಆಯಮ್ಮ ನನ್ನನ್ನ ಮುಂದೆ ಕೂರಿಸಿ, ಕೈತುಂಬ ಅರಿಶಿನ ಕುಂಕುಮ ಕೊಟ್ಟಳು. "ನಿಮ್ಮಿಂದಲೇ ನಮಗೆ ಗಂಗಮ್ಮ ಒಲಿದಳು ಅಕ್ಕ. ನೀರು ಬೇಕಾದಾಗ ಕೇಳಿ, ಸಂಕೋಚ ಪಟ್ಕೋಬೇಡಿ" ಅಂದಳು. ಒಳ್ಳೆ ಮನಸ್ಸಿಂದಲೇ ಹೇಳಿದಳು, ಅದೇ ನನ್ನ ಕರುಳು ಕಿತ್ತಿದ್ದು. ಆಮೇಲೆ ಪಕ್ಕಕ್ಕೆ ಬಂದು ಮೆಲ್ಲಗೆ, "ಸೈಟ್ ಮಾರೋದಾದ್ರೆ ಮೊದ್ಲು ನಮಗೇ ಹೇಳಿ ಅಕ್ಕ. ನೀರಿಲ್ಲದ ಸೈಟು, ಬೇರೆ ಯಾರು ತಗೋತಾರೆ?" ಅಂದಳು.

"ನೋಡೋಣ ಕಣಮ್ಮ" ಅಂದೆ. ಆಯಮ್ಮ ಪೈಪಿಂದ ಒಂದು ಲೋಟ ಹಿಡಿದು ಕೈಗಿತ್ತಳು. ಕುಡಿದೆ. ಹಾಳಾದ್ದು, ಅಷ್ಟು ಸಿಹಿ ನೀರು ನಾನು ಜನ್ಮದಲ್ಲಿ ಕುಡಿದಿರಲಿಲ್ಲ.