ರಾಯಾಪುರದ ಕಾರ್ಗಿಲ್

ಬೆಂಗಳೂರಿನಿಂದ ಬಂದ ಸಿನಿಮಾದವರು ಹಳೇ ಹುಬ್ಬಳ್ಳಿಯ ಪಿಂಜಾರ ಅಲ್ಲಾಸಾಬನಿಂದ ಇಪ್ಪತ್ತು ಚೀಲ ಹಿಂಜಿದ ಹತ್ತಿ ತರಿಸಿ, ರಾಯಾಪುರದ ಹಾಳು ಕಲ್ಲುಗಣಿಯ ಮೇಲೆಲ್ಲ ಹರವಿದ್ದರು. ಮಾಜಿ ಸೈನಿಕ ಮೈಲಾರಪ್ಪ ಆ ಹಿಮವನ್ನು ಬೂಟಿನ ತುದಿಯಿಂದ ಒದ್ದು ನೋಡಿದ. ಅವನು ಹಿಮಾಲಯ ಹತ್ತಿ ಬಂದವನು. ಇವರು ಹಿಮಾಲಯಕ್ಕೇ ಹತ್ತಿ ತಂದವರು.

೨೦೦೩ರ ಮೇ ತಿಂಗಳು. ಉಣ್ಣೆಯ ಕೋಟು ತೊಟ್ಟ ಸೈನಿಕರು ಬೆವರುತ್ತ ಚಳಿಗೆ ನಡುಗುತ್ತಿದ್ದರು. ನೈಜ ಘಟನೆ ಆಧಾರಿತ, ಸಾಕ್ಷ್ಯಚಿತ್ರದ ಶೈಲಿ ಎಂದು ನಿರ್ದೇಶಕ ಗೌತಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಸಲಹೆಗಾರನ ಪಟ್ಟ ಮೈಲಾರಪ್ಪನದು.

"ಏ ಹೀರೋ, ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕ ಕಟ್ಟೋ! ಕಿವಿಗಿ ಜುಮಕಿ ಬಿಟ್ಟಂಗ ಬಿಟ್ಟೀಯಲ್ಲ, ವೈರಿ ಬಂದು ನೋಡಿ ಹೆಣ್ಣು ಕೇಳ್ಯಾನು!"

ಲೋಕದಲ್ಲಿ ಮೈಲಾರಪ್ಪನ ತಿರಸ್ಕಾರಕ್ಕೆ ಪಾತ್ರರಾಗದವರು ಕಡಿಮೆ. ಲಕಮನಹಳ್ಳಿಯ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ನಿಂತು, ಟೈ ಕಟ್ಟಿದ ಮ್ಯಾನೇಜರನಿಂದ ಹಿಡಿದು ಟಿ.ವಿ.ಯಲ್ಲಿ ಯುದ್ಧ ನೋಡಿ ಎದೆ ಉಬ್ಬಿಸಿದ ಓಣಿಯವರ ತನಕ ಎಲ್ಲರನ್ನೂ ಮೂಗಿನ ತುದಿಯಿಂದಲೇ ಅಳೆಯುತ್ತಿದ್ದ. ಪಲ್ಟನ್ನಿನಲ್ಲಿ ತಾನು ಬಂದೂಕಿಗಿಂತ ಸೌಟನ್ನೇ ಹೆಚ್ಚು ಹಿಡಿದ ಅಡುಗೆಯವ ಎಂಬುದನ್ನು ಮಾತ್ರ ಆಗಸ್ಟ್ ಹದಿನೈದರ ಭಾಷಣಗಳಲ್ಲಿ ಹೇಳುತ್ತಿರಲಿಲ್ಲ.

"ಸರ್, ಕ್ಲೈಮ್ಯಾಕ್ಸಲ್ಲಿ ಸಿದ್ಧಾರೂಢ ಬಾವುಟ ನೆಟ್ಟು ಸಾಯ್ತಾನೆ," ಎಂದ ಗೌತಮ.

ಸಿದ್ಧಾರೂಢ ಮೈಲಾರಪ್ಪನ ಓಣಿಯವನೇ, ಅದೇ ಪಲ್ಟನ್ನಿನವನು, ಕಾರ್ಗಿಲ್‌ನಲ್ಲಿ ತೀರಿಕೊಂಡವನು.

"ಬಾವುಟ ಎಲ್ಲಿತ್ತರಿ ಅಲ್ಲೆ? ಗುಂಡಿನ ಪೆಟ್ಟಿಗಿ ಹೊತ್ಕೊಂಡು ಮ್ಯಾಲ ಹೊಂಟಿದ್ದ. ನೈಜ ಘಟನಾ ಅಂತ ಬೋರ್ಡ್ ಹಾಕ್ಕೊಂಡು ಹಸಿ ಸುಳ್ಳು ತೋರಿಸಾಕ ನಾಚಿಕಿ ಬರೂದಿಲ್ಲೇನು ನಿಮಗ?"

"ಪೆಟ್ಟಿಗೆ ಹೊತ್ತು ಸತ್ರೆ ಜನ ಅಳಲ್ಲ ಸರ್."

ಮೈಲಾರಪ್ಪ ಹತ್ತಿಯ ಮೇಲೆ ತಂಬಾಕು ಉಗುಳಿದ.

ಆದರೆ ಆ ಪೆಟ್ಟಿಗೆಯೂ ಸುಳ್ಳೇ. ಅದು ಅವನ ಸ್ವಂತ ತಯಾರಿಕೆ. ಸಿದ್ಧಾರೂಢನ ತಾಯಿ ರೇಣವ್ವ ಅಷ್ಟು ದೂರಕ್ಕೆ ಜೋಳದ ಹಿಟ್ಟು ಪಾರ್ಸೆಲ್ ಮಾಡಿದ್ದಳು. ಗೋಧಿ ರೊಟ್ಟಿ ತಿಂದು ನಾಲಿಗೆ ಸತ್ತಿದ್ದ ಇಬ್ಬರೂ ಒಂದು ಬಿಳಿ ಜೋಳದ ರೊಟ್ಟಿಗಾಗಿ ಹಟ ಹಿಡಿದರು. ಆ ಎತ್ತರದಲ್ಲಿ ಎಸರು ಪೂರ್ತಿ ಕಾಯುವ ಮೊದಲೇ ಕುದಿಯುತ್ತದೆ, ಹಿಟ್ಟು ಮಾತ್ರ ಜಿಗುಟು ಬರುವುದಿಲ್ಲ. ತಟ್ಟಿದ್ದೆಲ್ಲ ಒಡೆಯಿತು. ಮತ್ತೆ ಎಸರು, ಮತ್ತೆ ಹಿಟ್ಟು. ಎರಡು ದಿನದ ಸೀಮೆಎಣ್ಣೆ ಒಂದು ಮಧ್ಯಾಹ್ನಕ್ಕೆ ಮುಗಿಯಿತು. ಸಾಹೇಬರಿಗೆ ತಿಳಿಯುವ ಮೊದಲೇ ಇನ್ನೊಂದು ಡಬ್ಬಿ ತರುತ್ತೇನೆಂದು ಸಿದ್ಧಾರೂಢ ಕೆಳಗಿಳಿದ. ದಾರಿಯಲ್ಲಿ ಶೆಲ್ ಬಿತ್ತು.

ಈ ಮಾತನ್ನು ಮೈಲಾರಪ್ಪ ನಾಲ್ಕು ವರ್ಷ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಮರುದಿನ ಕ್ಯಾಮೆರಾ ಅವನ ಕಡೆ ತಿರುಗಿತು. ಸಾಕ್ಷ್ಯಚಿತ್ರಕ್ಕೆ ಸಾಕ್ಷಿ ಬೇಕಲ್ಲ! "ನಾನು ಅಲ್ಲಿದ್ದೆ, ನೀವು ನೋಡಿದ್ದೆಲ್ಲ ನಿಜ ಅಂತ ಹೇಳಿ ಸರ್, ಸಾಕು," ಎಂದ ಗೌತಮ. ಬಾವುಟ ಸುಳ್ಳೆಂದು ಕ್ಯಾಮೆರಾಕ್ಕೇ ಹೇಳಿ ಇವನ ಮಾನ ಕಳೆಯಬೇಕೆಂದು ಮೈಲಾರಪ್ಪ ರಾತ್ರಿಯೇ ನಿಶ್ಚಯಿಸಿದ್ದ. ಆದರೆ ಅಷ್ಟರಲ್ಲಿ ಜೀಪಿನಿಂದ ರೇಣವ್ವ ಇಳಿದಳು. ಅವಳಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು.

"ಮೈಲಾರಿ, ನನ್ನ ಮಗ ಬಾವುಟ ಹಿಡಿದಿದ್ದ ಅಂತಾರಲ್ಲೋ ಇವ್ರು. ನೀ ಪೆಟ್ಟಿಗಿ ಅಂದಿದ್ದಿ. ಯಾವುದು ಖರೇ?"

ಮೈಲಾರಪ್ಪ ಬಗ್ಗಿ ಬೂಟಿಗೆ ಅಂಟಿದ ಹತ್ತಿ ಕಿತ್ತ.

"ಹೋಗ್ಲಿ ಬಿಡು. ನಾ ಕಳಿಸಿದ ಹಿಟ್ಟರ ಮುಟ್ಟಿತ್ತೇನು ಅವಂಗ?"

ಬಾವುಟ ಸುಳ್ಳು ಎಂದರೆ ಖರೇ ಏನೆಂದು ಕೇಳುತ್ತಾರೆ, ಆಗ ತನ್ನ ಪೆಟ್ಟಿಗೆಯ ಸುಳ್ಳನ್ನೂ ಬಿಚ್ಚಬೇಕು. ಪೆಟ್ಟಿಗೆ ಬಿಚ್ಚಿದರೆ ಈ ಮುದುಕಿಯ ಹಿಟ್ಟೇ ಹೊರಬೀಳುತ್ತದೆ.

"ಮುಟ್ಟಿತ್ತು ಯವ್ವಾ. ರೊಟ್ಟಿ ಛಲೋ ಎದ್ದಿದ್ವು. ಹೊಟ್ಟಿ ತುಂಬ ಉಂಡ," ಎಂದ ಮೈಲಾರಪ್ಪ. ನಂತರ ಕ್ಯಾಮೆರಾ ನೋಡಿದ. "ನಾ ಅಲ್ಲಿದ್ದೆ. ನೀವು ನೋಡಿದ್ದೆಲ್ಲ ಖರೇ ಐತಿ."

"ಕಟ್! ನ್ಯಾಚುರಲ್ ಆಗಿ ಬರ್ಲಿಲ್ಲ ಸರ್. ಇನ್ನೊಂದ್ಸಲ."

ಎರಡನೆಯ ಸಲ ಮೇಲೆ ವಿಮಾನದ ಸದ್ದಾಯಿತು. ಮೂರನೆಯ ಸಲ ಅವನು ಗಂಟಲು ಕೆರೆದುಕೊಂಡ. ಐದನೆಯ ಸಲ ಕಣ್ಣು ರೇಣವ್ವನ ಕಡೆ ಹೋಯಿತೆಂದು ಗೌತಮ ಬೈದ, ಮೈಲಾರಪ್ಪ ಬೈಸಿಕೊಂಡ. ಏಳನೆಯ ಸಲ ಮಾತು ಅರ್ಧಕ್ಕೇ ಒಡೆಯಿತು. ಅವನು ಮುಖ ಒರೆಸಿಕೊಂಡು ಉಳಿದರ್ಧ ಹೇಳಿ ಮುಗಿಸಿದ.

"ಓಕೆ! ಈಗ ನಂಬೋ ಹಾಗಿತ್ತು ನೋಡಿ ಸರ್!" ಗೌತಮ ಬಂದು ಕೈ ಕುಲುಕಿದ.

ಮೈಲಾರಪ್ಪ ಆ ಕೈಯನ್ನು ಬೇಗ ಬಿಡಿಸಿಕೊಳ್ಳಲಿಲ್ಲ. ಇಬ್ಬರ ಅಂಗೈಗಳೂ ಒಂದೇ ಸಮ ಒದ್ದೆಯಾಗಿದ್ದವು.