ಫ್ರಿಡ್ಜಿನ ಹಲ್ಲಿಶಕುನ

ನಮ್ಮ ದೊಡ್ಡಪ್ಪನಿಗೆ ಹಲ್ಲಿಯ ಭಾಷೆ ಬರುತ್ತದೆ ಎಂದು ತಮಿಳುನಾಡಿನ ಕಂಬಂನ ನಮ್ಮ ಬೀದಿಯಲ್ಲೆಲ್ಲ ಹೆಸರು. ಯಾರ ಮನೆಗೆ ಹೆಣ್ಣು ಕೇಳಲು ಬಂದರೂ, ಯಾರು ದ್ರಾಕ್ಷಿ ತೋಟ ಕೊಳ್ಳಲು ಹೊರಟರೂ ಅವರನ್ನು ಕರೆದು ಒಳ್ಳೆಯ ಕುರ್ಚಿಯಲ್ಲಿ ಕೂರಿಸುತ್ತಾರೆ. ಅವರು ಕಣ್ಣು ಮುಚ್ಚಿ ‘ಹಲ್ಲಿ ಕೇಳುತ್ತಾರೆ’. ಮಾತಿನ ನಡುವೆ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಅದು ಬಂದ ದಿಕ್ಕು ನೋಡಿ ತೀರ್ಪು. ಮೂಡಣದಿಂದ ಬಂದರೆ ಆಗಬಹುದು, ತೆಂಕಣದಿಂದ ಬಂದರೆ ಕೂಡದು. ಹುಳ ಹಿಡಿಯಲು ಗೋಡೆ ಹತ್ತಿದ ಆ ಬಡಪ್ರಾಣಿಗೆ ನಮ್ಮ ಸಂಬಂಧಗಳನ್ನು ಕುದುರಿಸುವ ಜವಾಬ್ದಾರಿಯೂ ಇದೆ ಎಂದು ಯಾರಾದರೂ ತಿಳಿಸಿದ್ದಾರೋ ಇಲ್ಲವೋ, ನನಗೆ ಗೊತ್ತಿಲ್ಲ.

ತಂಗಿಯ ಮದುವೆಯ ಮಾತಿಗೆಂದು ನಾನು ದಿಂಡಿಗಲ್‌ನಿಂದ ತವರಿಗೆ ಬಂದಿದ್ದೆ. ಹುಡುಗ ಹತ್ತಿರದ ಬೋಡಿ ಊರಿನವನು. ಏಲಕ್ಕಿ ವ್ಯಾಪಾರದ ಮನೆ, ನಮ್ಮ ಜನವೇ, ಮನೆಯೊಳಗೆ ನಮ್ಮ ಹಾಗೆಯೇ ಕನ್ನಡ. ತೇನಿಯ ಕಾಲೇಜಿನಲ್ಲಿ ತಂಗಿಯ ಜೊತೆ ಓದಿದವನು. ಮದುವೆ ಅಂತಾದರೆ ಇವನನ್ನೇ ಎಂದು ಅವಳು ಅಮ್ಮನಿಗೆ ಹೇಳಿದ್ದಳು, ಅಪ್ಪನಿಗೆ ಹೇಳಿದ್ದಳು, ಧೈರ್ಯ ಮಾಡಿ ದೊಡ್ಡಪ್ಪನ ಮುಂದೆ ನಿಂತೂ ಹೇಳಿದ್ದಳು. ಅಮ್ಮ ಒಲೆಯ ಕಡೆ ತಿರುಗಿಕೊಂಡಳು. ಅಪ್ಪ, “ಅಣ್ಣ ಏನಂತಾನೋ ನೋಡಾಣ” ಎಂದರು. ನಮ್ಮ ಅಪ್ಪನಿಗೆ ಮೊಮ್ಮಕ್ಕಳಾದರೂ ಸ್ವಂತ ಅಭಿಪ್ರಾಯ ಎನ್ನುವುದನ್ನು ಇನ್ನೂ ಅಣ್ಣನ ಮನೆಯಿಂದಲೇ ತರಬೇಕು. ಆ ಅಣ್ಣನೋ, ಅವರು ಬರಲಿ, ಕೇಳಿ ಹೇಳ್ತೀನಿ ಎಂದರಷ್ಟೆ. ಯಾರನ್ನು ಕೇಳಿ ಎಂದು ಬಿಡಿಸಿ ಹೇಳಬೇಕಿರಲಿಲ್ಲ.

ಆಗಷ್ಟೇ ಹೊಸ ಫ್ರಿಡ್ಜ್ ಬಂದಿತ್ತು. ನಮ್ಮ ಕಡೆ ಫ್ರಿಡ್ಜನ್ನು ಅಡುಗೆಮನೆಯಲ್ಲಿ ಇಡುವ ಪದ್ಧತಿಯಿಲ್ಲ. ಅಲ್ಲಿಟ್ಟರೆ ಬಂದವರಿಗೆ ಕಾಣುವುದು ಹೇಗೆ? ಅದು ನಡುಮನೆಯಲ್ಲೇ ನಿಲ್ಲಬೇಕು, ತಲೆಯ ಮೇಲೊಂದು ಹೆಣಿಗೆಯ ಬಟ್ಟೆ ಹೊದ್ದು, ಅದರ ಮೇಲೆ ಪ್ಲಾಸ್ಟಿಕ್ ಹೂವು ಇಟ್ಟುಕೊಂಡು. ಇದನ್ನು ತೆಂಕಣ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು.

ಬೋಡಿಯವರು ಬಂದರು. ಕೇಸರಿ, ಬಜ್ಜಿ, ಕಾಫಿ ಎಲ್ಲ ಆಯಿತು. ದೊಡ್ಡಪ್ಪ ಕಣ್ಣು ಮುಚ್ಚಿದರು. ಅಪ್ಪ ಗಂಟಲು ಸರಿಮಾಡಿಕೊಂಡು, “ಹಂಗಾರೆ ಹೆಣ್ಣು ಕೊಡಾದು ಅಂತ...” ಎಂದು ಶುರು ಮಾಡಿದರು. ಟಕ್ ಎಂದಿತು.

“ಕೇಳ್ತಾ? ತೆಂಕ್ಲಿಂದ ಸೊಲ್ಲ್‌ಬುಟ್ಟದೆ,” ಎಂದರು ದೊಡ್ಡಪ್ಪ. ಆಮೇಲೆ ತಮಿಳಿನಲ್ಲಿ, “ವೇಂಡಾಂ.” ಬೇಡ ಎನ್ನಲು ಮನೆಮಾತಿನಲ್ಲೇ ಪದವಿದೆ. ಆದರೆ ತೀರ್ಪು ಕೊಡುವಾಗ ಅವರಿಗೆ ತಮಿಳೇ ಬೇಕು, ಹೆಚ್ಚು ಭಾರ ಬರುತ್ತದಂತೆ.

“ಅದು ಹಲ್ಲಿ ಅಲ್ಲ ದೊಡ್ಡಪ್ಪ, ಫ್ರಿಡ್ಜು!” ಎಂದೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಹುಡುಗನ ಅಮ್ಮ ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟರು. ಅವರ ವ್ಯಾನು ಬೀದಿಯ ತಿರುವು ದಾಟುವವರೆಗೂ ತಂಗಿ ಕಿಟಕಿಯ ಕಂಬಿ ಹಿಡಿದು ನಿಂತಿದ್ದಳು.

ಮಾರನೆಯ ಬೆಳಿಗ್ಗೆ ದೊಡ್ಡಪ್ಪ ಕಾಫಿಗೆ ಬಂದಾಗ ಅವರ ಕುರ್ಚಿಯನ್ನು ಎಳೆದು ಫ್ರಿಡ್ಜಿನ ಮುಂದೆಯೇ ಹಾಕಿದೆ. ಕೂತು ಕೇಳಿ ಎಂದೆ. ಒಳಗೆ ತಂಪು ಕಡಿಮೆಯಾದಾಗ ಮೋಟರು ತಾನಾಗಿ ಹತ್ತಿಕೊಳ್ಳುತ್ತದೆ, ಅದಕ್ಕೆ ಟಕ್ ಎನ್ನುತ್ತದೆ. ಸಾಕಷ್ಟು ತಂಪಾದರೆ ಆರುತ್ತದೆ, ಆಗಲೂ ಟಕ್. ಗುಂಯ್ ಎನ್ನುವುದು ಮೋಟರು ಓಡುವ ಸದ್ದು. ಗುಳುಗುಳು ಎನ್ನುವುದು ಹಿಂದಿನ ಕೊಳವೆಯಲ್ಲಿ ಗ್ಯಾಸ್ ಹರಿಯುವ ಸದ್ದು. ಒಮ್ಮೊಮ್ಮೆ ಪಟ್ ಎಂದು ಸಿಡಿದ ಹಾಗೆ ಕೇಳಿಸುತ್ತದೆ, ಅದು ಚಳಿಗೆ ಒಳಗಿನ ಪ್ಲಾಸ್ಟಿಕ್ ಬಿಗಿಯುವುದು. ಇದರಲ್ಲಿ ಯಾವುದೂ ಕೆಟ್ಟದ್ದಲ್ಲ, ಯಾವುದೂ ಒಳ್ಳೆಯದೂ ಅಲ್ಲ. ಪಾಪ, ಅದು ಮೊಸರು ಹುಳಿಯಾಗದ ಹಾಗೆ ನೋಡಿಕೊಳ್ಳುತ್ತಿದೆ ಅಷ್ಟೆ. ನಾನು ಹೇಳುತ್ತಿದ್ದಾಗಲೇ ಅದು ಒಮ್ಮೆ ಟಕ್ ಎಂದು ನನ್ನ ಮಾನ ಉಳಿಸಿತು.

ದೊಡ್ಡಪ್ಪ ಬಗ್ಗಿ ಅದರ ಹಿಂದೆ ಇಣುಕಿದರು. ತಲೆಯಾಡಿಸಿದರು. ಗೆದ್ದೆ ಅಂದುಕೊಂಡೆ.

“ಸರಿ ಕಣವ್ವ. ಫ್ರಿಡ್ಜು ಅಂತ್ಲೇ ಇರ್ಲಿ,” ಎಂದರು. “ಹಗಲೆಲ್ಲ ಸುಮ್ನಿದ್ದುದು ನಿಮ್ಮಪ್ಪ ಬಾಯ್ ತೆಗೆದಾಗ್ಲೇ ಯಾಕೆ ಸದ್ದು ಹಾಕ್ತು? ಹಲ್ಲಿ ಬಾಯಲ್ಲಿ ಸೊಲ್ಲಾ ದೇವರ್ಗೆ ಫ್ರಿಡ್ಜಲ್ಲಿ ಸೊಲ್ಲಾಕೆ ಆಗಲ್ವಾ?”

ಇಂಥವರಿಗೆ ವಿದ್ಯೆ ಹೇಳಿಕೊಡಬಾರದು. ಹೇಳಿಕೊಟ್ಟರೆ ಅದನ್ನೂ ಎತ್ತಿಕೊಂಡು ಹೋಗಿ ತಮ್ಮ ಮೂಢತನಕ್ಕೆ ಗೊಬ್ಬರ ಹಾಕುತ್ತಾರೆ. ಅಪ್ಪ ಅಣ್ಣನ ಬುದ್ಧಿಗೆ ಬೆರಗಾಗಿ ನಕ್ಕರು. ಆ ನಗು ಕಂಡು ನನಗೆ ಅಳುವಷ್ಟು ಹೇಸಿಗೆಯಾಯಿತು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ತಂಗಿ ಒಳಗೆ ಬಂದಳು. ಸ್ವಿಚ್ ಆರಿಸಿ ಪ್ಲಗ್ ಕಿತ್ತಳು. ಪ್ಲಾಸ್ಟಿಕ್ ಹೂವನ್ನು ದೊಡ್ಡಪ್ಪನ ಕೈಗೆ ಕೊಟ್ಟಳು. ಭುಜ ಕೊಟ್ಟು ಫ್ರಿಡ್ಜನ್ನು ನೂಕತೊಡಗಿದಳು. ನಾನೂ ಕೈ ಹಾಕಿದೆ. ಒಳಗೆ ಬಾಟಲಿಗಳು ಉರುಳಾಡಿದವು, ಅಮ್ಮ “ಅಯ್ಯೋ ಮಾವಿನಕಾಯಿ ತೊಕ್ಕು!” ಎಂದು ಕೂಗಿದಳು. ಎಲ್ಲರ ಕಣ್ಣೆದುರಿಗೇ ಅದು ನಡುಮನೆ ದಾಟಿ ಮೂಡಣ ಗೋಡೆಗೆ ಹೋಗಿ ನಿಂತಿತು.

“ಏನ್ ಮಾಡ್ತಾ ಇದ್ದೀಯ?” ಎಂದರು ದೊಡ್ಡಪ್ಪ, ಹೂವು ಹಿಡಿದುಕೊಂಡೇ.

“ಹಂಗೇ ಕೂತಿರಿ ದೊಡ್ಡಪ್ಪ. ಇನ್ನೊಂದ್ ದಪ ಕೇಳಾಣ.”

ಸರಿಸಿದ ಫ್ರಿಡ್ಜಿಗೆ ತಕ್ಷಣ ಕರೆಂಟು ಕೊಡಬಾರದು, ಒಳಗಿನದೆಲ್ಲ ನೆಲೆಗೊಳ್ಳಲು ಸ್ವಲ್ಪ ಹೊತ್ತು ಬಿಡಬೇಕು. ಅಷ್ಟು ಹೊತ್ತೂ ಯಾರೂ ಏಳಲಿಲ್ಲ. ಮರ್ಯಾದಸ್ಥ ದೊಡ್ಡ ಮನುಷ್ಯರಿಬ್ಬರು ಸುಮ್ಮನಿರುವ ಒಂದು ಪೆಟ್ಟಿಗೆಯ ಬಾಯಿ ನೋಡುತ್ತ ಕೂತಿದ್ದರು. ಆಮೇಲೆ ಅವಳು ಸ್ವಿಚ್ ಹಾಕಿ, ಅದರ ಬಾಗಿಲನ್ನು ಅಗಲವಾಗಿ ತೆರೆದಳು. ಅಪ್ಪನ ಕಡೆ ತಿರುಗಿ, “ಈಗ ಹೇಳಪ್ಪ,” ಎಂದಳು.

“ಹೆಣ್ಣು ಕೊಡಾದು ಅಂತ...” ಎಂದರು ಅಪ್ಪ, ಶಾಲೆಯ ಹುಡುಗ ಪಾಠ ಒಪ್ಪಿಸಿದಂತೆ. ಏನೂ ಇಲ್ಲ. ತಂಗಿಯ ಕೈ ಬಾಗಿಲ ಹಿಡಿಯ ಮೇಲೆ ಬಿಗಿಯಾಗಿತ್ತು. “ಬೋಡಿಗೆ,” ಎಂದು ಅಪ್ಪ ತಾವಾಗಿ ಸೇರಿಸಿದರು. ಟಕ್ ಎಂದಿತು. ಗುಂಯ್ ಎಂದು ಓಡತೊಡಗಿತು.

ದೊಡ್ಡಪ್ಪ ಗೋಡೆ ನೋಡಿದರು. ಬೇರೆ ದಾರಿಯನ್ನು ಅವರೇ ಮುಚ್ಚಿದ್ದರು.

“ಅಣ್ಣಾ, ಮೂಡ್ಲಿಂದ,” ಎಂದರು ಅಪ್ಪ ಮೆಲ್ಲಗೆ. ಅಣ್ಣನಿಗಿಂತ ಮೊದಲು ಅಪ್ಪ ಶಕುನ ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ತೆರಿಯುದು, ತೆರಿಯುದು,” ಎಂದು ಗದರಿದರು ದೊಡ್ಡಪ್ಪ, ಮತ್ತೆ ತಮಿಳಿನಲ್ಲಿ. ಗೊತ್ತಾಯಿತು ಎಂದರ್ಥ. ಅಪ್ಪ ಬೋಡಿಗೆ ಫೋನ್ ಮಾಡಿದರು. ಆ ಕಡೆಯವರು ತುಂಬ ಹೊತ್ತು ಬಿಗಿದುಕೊಂಡಿದ್ದು, ಶುಕ್ರವಾರ ಬರುತ್ತೇವೆ ಎಂದರು. ಅಷ್ಟರಲ್ಲಿ ದೊಡ್ಡಪ್ಪನ ಮುಖ ಎಂದಿನಂತಾಗಿತ್ತು, ಈ ಸಂಬಂಧವನ್ನು ತಾವೇ ಹೊತ್ತು ತಂದವರ ಹಾಗೆ. ತಂಗಿಯನ್ನು ಹತ್ತಿರ ಕರೆದು ತಲೆಯ ಮೇಲೆ ಕೈಯಿಟ್ಟು, “ಈಗ ಸಂತೋಷ ತಾನೇ?” ಎಂದರು.

ಅವಳು ಕೈಯನ್ನು ತಳ್ಳಲಿಲ್ಲ. ಕಣ್ಣಲ್ಲಿ ನೀರಿತ್ತು, ಸ್ವರದಲ್ಲಿ ಇರಲಿಲ್ಲ.

“ಹಲ್ಲಿ ಕೇಳ್ದ್ರಿ ದೊಡ್ಡಪ್ಪ, ಫ್ರಿಡ್ಜು ಕೇಳ್ದ್ರಿ,” ಎಂದಳು. “ನನ್ನ ಯಾವಾಗ ಕೇಳ್ದ್ರಿ?”